ಬಾಗಿಲು ತಟ್ಟಿದಾಗ
ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಅಶೋಕನ ಹೆಸರು ಕೆತ್ತಿದ ಬಂಡೆಯಿರುವ ಮಸ್ಕಿಯಾಗಲಿ, ಪೊಲೀಸರು ಶೋಧನೆಗೆಂದು ಬಾಗಿಲು ತಟ್ಟಿದರೆ ಮನೆಯ ಯಜಮಾನನು ವಾರಂಟನ್ನು ಕೇಳಬಹುದು. ತನಿಖೆಯ ನಡುವೆ ಅದಿಲ್ಲದೆಯೂ ಶೋಧನೆ ಸಾಧ್ಯ. ಆದರೆ ತಡಮಾಡಲಾಗದ ಕಾರಣವನ್ನು ಅಧಿಕಾರಿಯು ಮೊದಲೇ ಬರೆದಿಡತಕ್ಕದ್ದು. ಆ ಸ್ಥಳದ ಇಬ್ಬರು ಗೌರವಸ್ಥ ಪಂಚರು ಬೇಕು. ಪಂಚರು ಠಾಣೆಯ ನಿತ್ಯ ಪರಿಚಿತರೇ ಆದರೆ ಪಂಚನಾಮೆಗೆ ಬೆಲೆಯೆಲ್ಲಿಯದು? ಮನೆಯವರು ಎದುರಿಗಿರಬಹುದು, ಜಪ್ತಿಯ ಪಟ್ಟಿಯ ಪ್ರತಿ ಅವರಿಗೆ ಸಲ್ಲಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಂತೆ ಶೋಧನೆಯ ಚಿತ್ರೀಕರಣವೂ ಕಡ್ಡಾಯ.

ಈ ಕಟ್ಟುಪಾಡುಗಳ ಹಿಂದೆ ಖಾಸಗಿತನದ ಮೂಲಭೂತ ಹಕ್ಕೊಂದುಂಟೆ? ಶೋಧನೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 1954ರಲ್ಲಿ ಅದನ್ನು ಒಪ್ಪಲಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಸಲ್ಲಿಸಿದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಆ ಹಕ್ಕನ್ನು ಒಮ್ಮತದಿಂದ ಎತ್ತಿಹಿಡಿದರು.