ಸೀಳಿದ ಕಲ್ಲು ಯಾರ ಲೆಕ್ಕಕ್ಕೆ?

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸೀಮೆಯ ಪರಸಿ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿದೆ. ಪದರದ ಸಂದಿಗೆ ಉಳಿ ಹೂಡಿ, ಹದವಾಗಿ ಬಡಿಯುತ್ತ ಹೋದರೆ ಚಪ್ಪಡಿ ಮೇಲೇಳುತ್ತದೆ. ಒಂದು ಪೆಟ್ಟು ಜೋರಾದರೆ ಅಡ್ಡ ಸೀಳು. ಫೂಟಿನ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಸೀಳಿದ ಕಲ್ಲೆಂದರೆ ಬರಿಗೈ. ನಷ್ಟ ಯಾರ ತಲೆಗೆ ಬೀಳುತ್ತದೆ ಎಂಬುದನ್ನು ಅವರು ಕಲಿತದ್ದು ಹೀಗೆ, ಉಳಿಯ ತುದಿಯಲ್ಲಿ. ಇಷ್ಟು ಸೂಕ್ಷ್ಮ ಲೆಕ್ಕ ಬಲ್ಲವರನ್ನು ಏನೂ ತಿಳಿಯದ ಕೂಲಿಯವರು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದೇ ನೆಲದ ಸುಣ್ಣಕಲ್ಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೆಂದು ಕ್ಲಿಂಕರ್ ಆಗಿ, ಪುಡಿಯಾಗಿ ಸಿಮೆಂಟ್ ಚೀಲ ಸೇರುತ್ತದೆ. ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳು ಲಕ್ಷಾಂತರ ಟನ್‌ಗಳಲ್ಲಿ ಮಾತಾಡುತ್ತವೆ. ಹಮಾಲಿ ಮಾಡುವವನ ಎಣಿಕೆ ಚೀಲದ್ದು. 50 ಕಿಲೋದ 20 ಚೀಲಕ್ಕೆ ಒಂದು ಟನ್. 200 ಚೀಲ ಎತ್ತಿದ ದಿನ ಅವನ ಬೆನ್ನ ಮೇಲೆ 10 ಟನ್ ದಾಟಿರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮನೆ ಕಟ್ಟುವವರಿಗೆ ಅದು ಚೀಲದ ದರದ ಸುದ್ದಿ. ಲಾರಿಯ ಬಳಿ ನಿಂತವನ ಪ್ರಶ್ನೆ ಬೇರೆ: ‘ಹಂಗಾದ್ರ ಲೋಡ್ ಜಾಸ್ತಿ ಬರ್ತದೇನ್ರಿ? ಹಾಜರಿ ಎಷ್ಟ್ ಸಿಗ್ತಾವ?’

ಹಾಜರಿ. ಕಾಯಂ ನೌಕರನಿಗೆ ಅದು ಸಹಿ, ಗುತ್ತಿಗೆಯವನಿಗೆ ಅದೇ ಪಗಾರ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಎಂದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆದರೆ ಹಕ್ಕು ಕೇಳಿದವನಿಗೆ ನಾಳೆಯ ಹಾಜರಿ ಇರುತ್ತದೆಯೇ? ಆ ತೂಕ ಮಾಡಿಯೇ ಹಲವರು ಸುಮ್ಮನಿರುತ್ತಾರೆ. ಸುಮ್ಮನಿರುವುದನ್ನು ಅಜ್ಞಾನ ಎಂದುಕೊಳ್ಳುವುದು ನಮ್ಮ ತಪ್ಪು. ಕಾಯಂ ಎಂಬುದೂ ಶಾಶ್ವತವಲ್ಲ. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿ ಕೇಂದ್ರ ಸರ್ಕಾರದ್ದೇ ಸಿಮೆಂಟ್ ಕಾರ್ಖಾನೆ ಬಾಗಿಲು ಹಾಕಿದ್ದನ್ನು ಈ ಸೀಮೆ ಕಂಡಿದೆ.

ಹಾಗಾಗಿಯೇ ಎರಡೆಕರೆ ಇದ್ದವರು ಹೊಲ ಬಿಡುವುದಿಲ್ಲ. ಚಿಂಚೋಳಿಯ ಕಡೆ ಮಳೆ ಕೈಕೊಟ್ಟರೆ ಹೈದರಾಬಾದಿಗೆ ಗುಳೆ ಹೊರಡುವ ಮನೆಗಳೂ ತಿರುಗಿ ಬರಲು ಒಂದು ತುಂಡು ನೆಲ ಉಳಿಸಿಕೊಳ್ಳುತ್ತವೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಗಣಿಯ ಕೂಲಿಯವರಿಗೆ ಅದೇ ತೊಗರಿ ಬಹಳ ಹಿಂದಿನಿಂದ ವಿಮೆ. ಮಳೆ ಹಿಡಿದರೆ ಗಣಿಯ ಹೊಂಡದಲ್ಲಿ ನೀರು ನಿಲ್ಲುತ್ತದೆ, ಉಳಿ ಸುತ್ತಿಗೆ ಮನೆಯ ಮೂಲೆ ಸೇರುತ್ತವೆ. ಹಾಜರಿಯಿಲ್ಲದ ಆ ವಾರಗಳಲ್ಲಿ ಗಂಡ ಹೆಂಡತಿ ಇಬ್ಬರೂ ಕರಿಮಣ್ಣಿನಲ್ಲಿ ತೊಗರಿ ಸಾಲಿನ ಕಳೆ ತೆಗೆಯುತ್ತಿರುತ್ತಾರೆ.