ಹಿಮದ ಮೇಲೆ ಕೆಲಸ, ಫಾರ್ಮಿನಲ್ಲಿ 'ಇಲ್ಲ'

2023ರ ಫೆಬ್ರವರಿ 1. ಕೇಂದ್ರ ಬಜೆಟ್ ದಿನ. ನಮ್ಮಂಥ ನ್ಯೂಸ್ ಚಾನೆಲ್‌ನವರಿಗೆ ಅವತ್ತು ಬೆಳಗ್ಗೆಯಿಂದ ರಾತ್ರಿವರೆಗೆ ಬೇರೆ ಪ್ರಪಂಚವೇ ಇರಲ್ಲ. ಆ ಬಜೆಟ್‌ನಲ್ಲಿ ಜೀವವಿಮೆ ಬಗ್ಗೆಯೂ ಒಂದು ಮಾತಿತ್ತು. ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಹೆಚ್ಚು ಪ್ರೀಮಿಯಂ ಕಟ್ಟುವವರ ಹೊಸ ಪಾಲಿಸಿಗಳ ಮೆಚ್ಯೂರಿಟಿ ಹಣಕ್ಕೆ ತೆರಿಗೆ ವಿನಾಯಿತಿ ಇಲ್ಲ ಅಂತ. ಸ್ಟುಡಿಯೋದಲ್ಲಿ ಅದರ ಮೇಲೆ ಭಾರಿ ಚರ್ಚೆ.

ಅದೇ ಮಧ್ಯಾಹ್ನ ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ, ಅಫರ್ವಾತ್ ಶಿಖರದ ಇಳಿಜಾರಿನಲ್ಲಿ ಹಿಮಕುಸಿತ ಆಯ್ತು. ಸ್ಕೀಯಿಂಗ್‌ಗೆ ಹೋಗಿದ್ದ ಪೋಲೆಂಡಿನ ಇಬ್ಬರು ಸತ್ತರು. 19 ವಿದೇಶಿಯರನ್ನು ಪಾರು ಮಾಡಿದರು. ನಮ್ಮ ಪರದೆಯ ಕೆಳಗೆ ಅದೊಂದು ಸಾಲಾಗಿ ಓಡಿಹೋಯಿತು, ಅಷ್ಟೆ. ಆ ಗುಂಪಿನ ಜತೆ ಇಬ್ಬರು ಸ್ಥಳೀಯ ಗೈಡ್‌ಗಳೂ ಇದ್ದರು ಅನ್ನೋದು ನನಗೆ ಗೊತ್ತಾಗಿದ್ದು ರಾತ್ರಿ, ಪೂರ್ತಿ ವರದಿ ಓದಿದಾಗ. ಪುಣ್ಯಕ್ಕೆ ಸತ್ತವರಲ್ಲಿ ಅವರಿರಲಿಲ್ಲ. ಇದ್ದಿದ್ದರೆ? ಅವರ ಹೆಂಡತಿ ಮಕ್ಕಳ ಕೈಗೆ ಏನು ಬರ್ತಿತ್ತು?

ಐದು ಲಕ್ಷ ಪ್ರೀಮಿಯಂ ಕಟ್ಟುವವರ ಬಗ್ಗೆ ಬೆಳಗ್ಗೆಯೆಲ್ಲ ಮಾತಾಡಿದ್ದ ನನಗೆ, ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿ ತಿಳಿದುಕೊಂಡಿದ್ದನ್ನು ಇಲ್ಲಿ ಹೇಳ್ತೀನಿ.

ಗುಲ್ಮಾರ್ಗ್‌ನಲ್ಲಿ ಸ್ಕೀ ಕಲಿಸುವವರ ದುಡಿಮೆ ಅಂದ್ರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಕೆಳಗಿನ ಬಯಲಲ್ಲಿ ಹೊಸಬರ ಕೈ ಹಿಡಿದು ನಡೆಸೋದು ಒಂದು ಕೆಲಸ. ಕೇಬಲ್ ಕಾರಿನಲ್ಲಿ ಸುಮಾರು 4,000 ಮೀಟರ್ ಎತ್ತರಕ್ಕೆ ಹೋಗಿ, ಯಾರೂ ಹದ ಮಾಡದ ಹಿಮದಲ್ಲಿ ಗಿರಾಕಿಯನ್ನು ಕರೆದುಕೊಂಡು ಇಳಿಯೋದು ಇನ್ನೊಂದು. ಎರಡೂ ಒಂದೇ ಅಪಾಯ ಅಲ್ಲ. ಅಲ್ಲೇ ಖಿಲನ್‌ಮರ್ಗ್‌ನಲ್ಲಿ 2010ರ ಫೆಬ್ರವರಿಯಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನ 17 ಯೋಧರು ಹಿಮಕುಸಿತಕ್ಕೆ ಬಲಿಯಾಗಿದ್ದರು. ಹಿಮದ ಯುದ್ಧ ಕಲಿಸುವ ಶಾಲೆಯವರೇ ಸ್ವಾಮಿ! ಯೋಧರ ಕುಟುಂಬದ ಹಿಂದೆ ಸರ್ಕಾರ ನಿಲ್ಲುತ್ತೆ. ದಿನಗೂಲಿಯ ಹಾಗೆ ದುಡಿಯುವ ಸ್ಕೀ ಮೇಷ್ಟ್ರ ಹಿಂದೆ ನಿಲ್ಲಬೇಕಾದ್ದು ಅವನ ಪಾಲಿಸಿಯೇ.

ಪಾಲಿಸಿ ಮಾಡಿಸುವಾಗ ಒಂದು ಪ್ರಪೋಸಲ್ ಫಾರ್ಮ್ ಇರತ್ತೆ. ಕೆಲಸ ಏನು, ಅಪಾಯದ ಕ್ರೀಡೆ ಅಥವಾ ಹವ್ಯಾಸ ಇದೆಯಾ ಅಂತ ಕೇಳ್ತಾರೆ. ನನ್ನ ಮೊದಲ ಪಾಲಿಸಿ ನೆನಪಿದೆ. ಏಜೆಂಟ್ ಹುಡುಗ ತಾನೇ ಎಲ್ಲಕ್ಕೂ 'ಇಲ್ಲ' ಅಂತ ಗೀಚಿ, 'ಸಾರ್, ಇಲ್ಲಿ ಸೈನ್ ಹಾಕಿ' ಅಂದ. ಹಾಕಿದೆ. ಏನು ಕೇಳಿದ್ದಾರೆ ಅಂತ ಓದಲೂ ಇಲ್ಲ. ಡೆಸ್ಕ್ ಕೆಲಸದವನಾದ ನನಗೆ ಅದರಿಂದ ತೊಂದರೆಯಾಗಲಿಲ್ಲ. ಸ್ಕೀ ಕಲಿಸುವವನ ಫಾರ್ಮಿನಲ್ಲಿ 'ಕೆಲಸ: ಪ್ರವಾಸೋದ್ಯಮ, ಅಪಾಯದ ಕ್ರೀಡೆ: ಇಲ್ಲ' ಅಂತ ಬರೆದರೆ ಕಥೆಯೇ ಬೇರೆ.

'ಹೌದು' ಅಂದರೆ ಏನಾಗತ್ತೆ? ಕಂಪನಿ ಇನ್ನೊಂದಿಷ್ಟು ಪ್ರಶ್ನೆ ಕೇಳಬಹುದು, ಹೆಚ್ಚು ಪ್ರೀಮಿಯಂ ಹಾಕಬಹುದು, ಕೊಡಲ್ಲ ಅಂತಲೂ ಹೇಳಬಹುದು. ಆ ಹೆಚ್ಚುವರಿ ಹಣಕ್ಕೆ 'ಲೋಡಿಂಗ್' ಅಂತಾರೆ. ಇಂಜಿನಿಯರಿಂಗ್ ಓದಿದ ನನಗೆ ಲೋಡ್ ಅಂದ್ರೆ ತೊಲೆಯ ಮೇಲಿನ ಭಾರ. ಯೋಚಿಸಿದರೆ ಇಲ್ಲೂ ಅರ್ಥ ಅದೇ. ಭಾರ ಎಷ್ಟು ಅಂತ ಮೊದಲೇ ಹೇಳಿದರೆ ತೊಲೆಯನ್ನು ಅದಕ್ಕೆ ತಕ್ಕ ಹಾಗೆ ಮಾಡ್ತಾರೆ.

'ಮೂರು ವರ್ಷ ಕಳೀಲಿ, ಆಮೇಲೆ ಯಾರೂ ಕೇಳಂಗಿಲ್ಲ' ಅಂತ ಹೇಳುವವರಿದ್ದಾರೆ. ಅವರು ಹೇಳೋದು ಪೂರ್ತಿ ಸುಳ್ಳಲ್ಲ. ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ನಂತರ ಜೀವವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಆ ಮೂರು ವರ್ಷದ ಲೆಕ್ಕ ಎಲ್ಲಿಂದ? ಪಾಲಿಸಿ ಕೊಟ್ಟ ದಿನ, ರಿಸ್ಕ್ ಶುರುವಾದ ದಿನ, ರೈಡರ್ ಸೇರಿಸಿದ ದಿನ, ಲ್ಯಾಪ್ಸ್ ಆಗಿದ್ದನ್ನು ಮತ್ತೆ ಚಾಲ್ತಿಗೆ ತಂದ ದಿನ, ಇವುಗಳಲ್ಲಿ ಕೊನೆಯದು ಯಾವುದೋ ಅಲ್ಲಿಂದ. ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ಸಾಗಿಸುವ ಮನೆಯಲ್ಲಿ ಪ್ರೀಮಿಯಂ ತಪ್ಪೋದು ಸಹಜ. ತಿಂಗಳ ಕಂತಿಗೆ 15 ದಿನ, ವರ್ಷದ ಕಂತಿಗೆ 30 ದಿನ ಗಡುವು. ಅದೂ ದಾಟಿತು, ಲ್ಯಾಪ್ಸ್ ಆಯ್ತು, ಮುಂದಿನ ಸೀಸನ್‌ನಲ್ಲಿ ದುಡ್ಡು ಬಂದಾಗ ರಿವೈವ್ ಮಾಡಿಸಿದ ಅಂದ್ಕೊಳ್ಳಿ. ಗಡಿಯಾರ ಮತ್ತೆ ಸೊನ್ನೆಯಿಂದ! ಅದಕ್ಕೇ ಇಂಥವರು ತಿಂಗಳ ಕಂತಿನ ಸಹವಾಸಕ್ಕೆ ಹೋಗದೆ, ಕೈಯಲ್ಲಿ ಕಾಸಿರುವ ಮಾರ್ಚ್‌ನಲ್ಲೇ ವರ್ಷದ್ದು ಒಟ್ಟಿಗೆ ಕಟ್ಟೋದು ಮೇಲು ಅಂತ ನನ್ನ ಅಭಿಪ್ರಾಯ.

ಇನ್ನೊಂದು ಗೊಂದಲ ರೈಡರ್‌ದು. ಕೆಲಸವನ್ನು ಸರಿಯಾಗಿ ಹೇಳಿ ಪಡೆದ ಮೂಲ ಪಾಲಿಸಿ ಸಾಮಾನ್ಯವಾಗಿ ಸಾವು ಹೇಗೇ ಬಂದರೂ ಹಣ ಕೊಡುತ್ತೆ. ಮೊದಲ ವರ್ಷದ ಆತ್ಮಹತ್ಯೆಗೆ ಬೇರೆ ನಿಯಮ. ಆದರೆ ಅದರ ಜತೆ 'ಅಪಘಾತವಾದರೆ ಡಬಲ್' ಅಂತ ಮಾರುವ ಆಕ್ಸಿಡೆಂಟ್ ರೈಡರ್‌ನಲ್ಲಿ ಅಪಾಯಕಾರಿ ಕ್ರೀಡೆಗಳನ್ನು ಹೊರಗಿಡೋದು ಮಾಮೂಲು. 50 ಲಕ್ಷಕ್ಕೆ ಇನ್ನೊಂದು 50 ಸೇರಿ ಒಂದು ಕೋಟಿ ಅಂತ ನಂಬಿಕೊಂಡ ಮನೆಗೆ ಬರೋದು 50 ಮಾತ್ರ ಆಗಬಹುದು. ಇಲ್ಲಿ 45ನೇ ಸೆಕ್ಷನ್ ನೆರವಿಗೆ ಬರಲ್ಲ. ಯಾಕಂದ್ರೆ ಇದು ಸುಳ್ಳು ಹೇಳಿದ ಪ್ರಶ್ನೆಯಲ್ಲ, ಮೊದಲಿಂದಲೂ ಕವರ್ ಇಲ್ಲದ ಪ್ರಶ್ನೆ. ಪಾಲಿಸಿಯ ಎಕ್ಸ್‌ಕ್ಲೂಷನ್ಸ್ ಪುಟ ತೆಗೆದು ಓದಿ ಅಂತ ಹೇಳೋದು ಇದಕ್ಕೇ.

ಹಾಗಂತ ಸ್ಕೀ ಕಲಿಸುವವನ ದೊಡ್ಡ ಭಯ ಸಾವು ಮಾತ್ರ ಅಲ್ಲ, ಮೊಣಕಾಲು! ಸ್ಕೀಯಿಂಗ್‌ನಲ್ಲಿ ಗಂಭೀರ ಗಾಯ ಅಂದ್ರೆ ಮೊದಲು ನೆನಪಾಗೋದೇ ಮಂಡಿಯ ಲಿಗಮೆಂಟ್ ಹರಿಯೋದು. ಒಂದು ಸೀಸನ್ ಹೋದರೆ ಒಂದು ವರ್ಷದ ಅನ್ನ ಹೋಯ್ತು. ಜೀವವಿಮೆ ಅದಕ್ಕೆ ಒಂದು ರೂಪಾಯಿ ಕೊಡಲ್ಲ. ಮೈಕೆಲ್ ಶೂಮಾಕರ್ ನೆನಪಿದೆಯಲ್ವಾ? 2013ರ ಡಿಸೆಂಬರ್ 29ರಂದು ಫ್ರಾನ್ಸ್‌ನ ಮೆರಿಬೆಲ್‌ನಲ್ಲಿ ಸ್ಕೀ ಮಾಡ್ತಾ ಬಿದ್ದು ತಲೆಗೆ ಪೆಟ್ಟಾಯ್ತು, ಹೆಲ್ಮೆಟ್ ಇತ್ತು. ಜೀವ ಉಳಿಯಿತು, ಮೊದಲಿನ ಬದುಕು ಉಳಿಯಲಿಲ್ಲ. ಸಾವಿಗೆ ಮಾತ್ರ ಹಣ ಕೊಡುವ ಪಾಲಿಸಿ ಇಂಥ ಮನೆಗೆ ನೆರವಾಗಲ್ಲ. ಅಂಗವೈಕಲ್ಯಕ್ಕೆ ಬೇರೆಯೇ ಕವರ್ ಬೇಕು, ಅದರಲ್ಲಿ 'ಸ್ಕೀಯಿಂಗ್, ವೃತ್ತಿಯಾಗಿ' ಅನ್ನೋದು ಬರವಣಿಗೆಯಲ್ಲಿ ಒಪ್ಪಿಗೆ ಆಗಿರಬೇಕು. ಸಿಗೋದು ಕಷ್ಟ, ಸಿಕ್ಕರೂ ದುಬಾರಿ.

ಇದ್ಯಾವುದೂ ಎಟುಕದವನಿಗೆ ಕನಿಷ್ಠ ಪ್ರಧಾನಮಂತ್ರಿ ಜೀವನ ಜ್ಯೋತಿ ಇದೆ. 18ರಿಂದ 50 ವಯಸ್ಸಿನೊಳಗೆ ಬ್ಯಾಂಕ್ ಖಾತೆ ಮೂಲಕ ಸೇರಬಹುದು. ವರ್ಷಕ್ಕೆ 436 ರೂಪಾಯಿ. ಸತ್ತರೆ ಕುಟುಂಬಕ್ಕೆ 2 ಲಕ್ಷ. ದೊಡ್ಡ ಮೊತ್ತವಲ್ಲ, ಆದರೆ ಕೆಲಸ ಯಾವುದು ಅಂತ ನೋಡಿ ಪ್ರೀಮಿಯಂ ಏರಿಸಲ್ಲ. ಒಂದೇ ಒಂದು ಎಚ್ಚರಿಕೆ: ಆ 436 ರೂಪಾಯಿ ಖಾತೆಯಿಂದ ಕಡಿತ ಆಗೋದು ಮೇ ತಿಂಗಳ ಕೊನೆಯಲ್ಲಿ. ಗುಲ್ಮಾರ್ಗ್‌ನಲ್ಲಿ ಅಷ್ಟು ಹೊತ್ತಿಗೆ ಹಿಮ ಕರಗಿ, ಸೀಸನ್ ಮುಗಿದು ಎರಡು ತಿಂಗಳಾಗಿರತ್ತೆ. ಖಾತೆಯಲ್ಲಿ ಅಷ್ಟು ಹಣ ಉಳಿದಿರಬೇಕು.