ಗೀಸರ್ ಸ್ವಿಚ್ ಪದೇ ಪದೇ ಬೀಳುತ್ತಿದೆಯೇ? ಅದು ಎಚ್ಚರಿಕೆ

ಜನ ಈಗಲೂ ಕೆ.ಎಂ.ದೊಡ್ಡಿ ಎಂದೇ ಕರೆಯುವ ಭಾರತೀನಗರದಲ್ಲಿ ಡಿಸೆಂಬರ್ ತಿಂಗಳ ಸುಬ್‌ಹಿ ಹೊತ್ತಿನ ಚಳಿ ಕಡಿಮೆಯದ್ದೇನಲ್ಲ. ಕರಾವಳಿಯ ಸೆಕೆಗೆ ಒಗ್ಗಿದವರು ಘಟ್ಟ ಹತ್ತಿ ಬಂದು ಇಂಥ ಊರಲ್ಲಿ ಮನೆ ಮಾಡಿದರೆ ಮೊದಲು ಕೊಳ್ಳುವ ಸಾಮಾನುಗಳಲ್ಲಿ ಗೀಸರ್ ಒಂದು. ವುಳೂ ಮಾಡಲು, ಮಕ್ಕಳ ಸ್ನಾನಕ್ಕೆ, ವಯಸ್ಸಾದ ಉಮ್ಮನ ಮೈಕೈ ನೋವಿಗೆ ಬಿಸಿನೀರು ಬೇಕೇ ಬೇಕು. ಆದರೆ ಅದು ಕೆಟ್ಟಾಗ ಏನು ನೋಡಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಮೊದಲು ನೀರಿನ ವಿಚಾರ. ಕರಾವಳಿಯ ಮುರಕಲ್ಲಿನ ಬಾವಿಯ ನೀರು ಸಾಮಾನ್ಯವಾಗಿ ಮೃದು. ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಅದನ್ನು ಕಾಯಿಸಿದಾಗ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟು ಕಾಯಿಲ್ ಮೇಲೆ ಬೆಳ್ಳಗೆ ಪದರ ಕಟ್ಟುತ್ತದೆ. ಶಾಖ ನೀರಿಗೆ ದಾಟದೆ ಕಾಯಿಲ್ ಒಳಗೇ ಬಿಸಿಯೇರಿ ಸುಟ್ಟುಹೋಗುತ್ತದೆ. ಕಾಯುವಾಗ ಗೀಸರ್ ಒಳಗೆ ಪಟಪಟ ಸದ್ದು ಬಂದರೆ ಸುಣ್ಣ ಕಟ್ಟಿದೆ ಎಂದೇ ಲೆಕ್ಕ. ಬೋರ್ ನೀರು ಬಳಸುವವರು ವರ್ಷಕ್ಕೊಮ್ಮೆಯಾದರೂ ಕಾಯಿಲ್ ಬಿಚ್ಚಿಸಿ ತೊಳೆಸಬೇಕು. ತುಕ್ಕು ತಡೆಯಲು ಟ್ಯಾಂಕಿನೊಳಗೆ ಇಟ್ಟಿರುವ ಮೆಗ್ನೀಸಿಯಂ ಕಡ್ಡಿಯನ್ನೂ ಆಗಲೇ ನೋಡಿಸಬೇಕು. ನೀರು ಹೆಚ್ಚು ಬಿಸಿಯಾದಷ್ಟೂ ಸುಣ್ಣ ಹೆಚ್ಚು ಕಟ್ಟುವುದರಿಂದ ಗುಂಡಿಯನ್ನು 60 ಡಿಗ್ರಿಯ ಆಸುಪಾಸಿನಲ್ಲಿಟ್ಟರೆ ಸಾಕು.

‘ನೀರು ಕಾಯೋದೇ ಇಲ್ಲ’ ಎನ್ನುವ ದೂರಿಗೆಲ್ಲ ಗೀಸರೇ ಕಾರಣವಲ್ಲ. 2000 ವ್ಯಾಟಿನ, 25 ಲೀಟರಿನ ಗೀಸರ್ 20 ಡಿಗ್ರಿಯ ನೀರನ್ನು 60 ಡಿಗ್ರಿಗೆ ತರಲು 230 ವೋಲ್ಟ್ ಇದ್ದಾಗ ಸುಮಾರು 35 ನಿಮಿಷ ಬೇಕು. ಪಂಪ್‌ಸೆಟ್‌ಗಳು ಓಡುವ ಹೊತ್ತಲ್ಲಿ ವೋಲ್ಟೇಜ್ 180ಕ್ಕೆ ಇಳಿದರೆ ಅದೇ ನೀರಿಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ. ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಇದನ್ನೊಮ್ಮೆ ನೋಡಿ.

ದೀಪವೇ ಉರಿಯದಿದ್ದರೆ ಎಂಸಿಬಿ, ಪ್ಲಗ್, ಸಾಕೆಟ್ ನೋಡಬೇಕು. ಈ ಗೀಸರ್ ಎಳೆಯುವುದು ಸುಮಾರು 9 ಆಂಪಿಯರ್. ಅದನ್ನು 6 ಆಂಪಿಯರ್‌ನ ಸಣ್ಣ ಸಾಕೆಟ್‌ಗೆ ಸಿಕ್ಕಿಸಿದರೆ ಸಾಕೆಟ್ ಕರಗುತ್ತದೆ. 16 ಆಂಪಿಯರ್‌ನದ್ದೇ ಬೇಕು. ದೀಪ ಉರಿದೂ ನೀರು ತಣ್ಣಗೇ ಇದ್ದರೆ ಸಾಮಾನ್ಯವಾಗಿ ಕಾಯಿಲ್ ಹೋಗಿರುತ್ತದೆ. ಉಗುರುಬೆಚ್ಚಗಾಗಿ ನಿಂತರೆ ಥರ್ಮೋಸ್ಟಾಟ್ ಮೇಲೆ ಅನುಮಾನ.

ಇವೆಲ್ಲ ಖರ್ಚಿನ ತೊಂದರೆಗಳು. ಇನ್ನು ಮೂರು ತೊಂದರೆಗಳಿವೆ, ಅವು ಜೀವದ್ದು.

ಒಂದು, ನಲ್ಲಿಯಲ್ಲಿ ನೀರಿನ ಬದಲು ಹಬೆ ಬರುವುದು. ಥರ್ಮೋಸ್ಟಾಟ್ ಅಂಟಿಕೊಂಡು ಕರೆಂಟ್ ನಿಲ್ಲದೆ ಹರಿಯುತ್ತಿದೆ ಎಂದರ್ಥ. ಆಗ ಕಾಯುವುದು ಥರ್ಮಲ್ ಕಟೌಟ್ ಮತ್ತು ಸೇಫ್ಟಿ ವಾಲ್ವ್ ಎರಡೇ. ಕಟೌಟ್ ಮತ್ತೆ ಮತ್ತೆ ಬೀಳುತ್ತಿದೆಯೆಂದು ಅದನ್ನು ಬಿಟ್ಟು ನೇರ ತಂತಿ ಕೊಡಿಸಿದರೆ, ಹನಿಯುತ್ತದೆಂದು ವಾಲ್ವ್ ಮುಚ್ಚಿಸಿದರೆ, ಟ್ಯಾಂಕ್ ಸಿಡಿಯುವ ಅಪಾಯವಿದೆ. ಕಾಯುವಾಗ ವಾಲ್ವ್‌ನಿಂದ ನಾಲ್ಕು ಹನಿ ಬೀಳುವುದು ಸಹಜ.

ಎರಡು, ಆರ್‌ಸಿಸಿಬಿ ಬೀಳುವುದು. ಮನೆಗಳಿಗೆ ಹಾಕುವ 30 ಮಿಲಿ ಆಂಪಿಯರ್‌ನ ಈ ಸ್ವಿಚ್ ಮೈಗೆ ಹರಿಯಬಹುದಾದ ಕರೆಂಟನ್ನು ಕ್ಷಣದಲ್ಲಿ ಕಡಿಯುತ್ತದೆ. ಗೀಸರ್ ಹಾಕಿದಾಗಲೆಲ್ಲ ಬಿದ್ದರೆ ಕಾಯಿಲ್ ಬಿರುಕು ಬಿಟ್ಟು ಕರೆಂಟ್ ನೀರಿಗೆ ಸೋರುತ್ತಿರುವ ಸಾಧ್ಯತೆಯೇ ಹೆಚ್ಚು. ‘ಇದರದ್ದೇ ಕಾಟ, ತೆಗೆದುಬಿಡು’ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಬೇಡಿ. ಗೀಸರ್ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ರಿಪೇರಿ ಆಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಮೂರು, ನಲ್ಲಿ ಮುಟ್ಟಿದರೆ ಜುಮ್ಮೆನ್ನುವುದು. ಇದು ಅರ್ತಿಂಗ್ ಸರಿಯಿಲ್ಲದ ಗುರುತು. ಹಳೆಯ ಬಾಡಿಗೆ ಮನೆಗಳಲ್ಲಿ ಅರ್ತ್ ಗುಂಡಿಯೇ ಇರದೆ, ಸಾಕೆಟ್‌ನೊಳಗೆ ಅರ್ತ್ ತಂತಿಯನ್ನು ನ್ಯೂಟ್ರಲ್‌ಗೆ ಸೇರಿಸಿರುವುದುಂಟು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಗೀಸರಿನ ಮೈಗೆಲ್ಲ ಕರೆಂಟ್. ಒದ್ದೆ ಕಾಲಲ್ಲಿ, ಒದ್ದೆ ಮೈಯಲ್ಲಿ ನಿಂತವರಿಗೆ ತಪ್ಪಿಸಿಕೊಳ್ಳಲು ಪುರಸೊತ್ತೂ ಸಿಗದು. ಮನೆ ಹಿಡಿಯುವಾಗ ಅಡ್ವಾನ್ಸ್ ಎಷ್ಟು ಎಂದು ಕೇಳುವ ನಾವು ಅರ್ತಿಂಗ್ ಇದೆಯಾ ಎಂದೂ ಕೇಳಬೇಕು.

ಗ್ಯಾಸ್ ಗೀಸರ್ ಇಟ್ಟವರಿಗೆ ಇನ್ನೊಂದು ಮಾತು. ಮುಚ್ಚಿದ ಬಚ್ಚಲಲ್ಲಿ ಅದು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಸುತ್ತುವಷ್ಟರಲ್ಲಿ ಚಿಲಕ ತೆಗೆಯಲೂ ಕೈಲಾಗದೆ ಹೋಗಬಹುದು. ಅದನ್ನು ಬಚ್ಚಲ ಹೊರಗೇ ಇಡಿಸಿ.

ಮಸೀದಿಗಳಲ್ಲಿ ವುಳೂ ಮಾಡುವ ಜಾಗಕ್ಕೂ ಈಗ ಗೀಸರ್, ಸೋಲಾರ್ ಬಂದಿವೆ. ಅಲ್ಲಿ ಒಂದೇ ನಲ್ಲಿಯನ್ನು ನೂರಾರು ಕೈಗಳು ಮುಟ್ಟುತ್ತವೆ. ಮಯ್ಯಿತ್ ಸ್ನಾನಕ್ಕೂ ಅದೇ ನೀರು. ಚಳಿಗಾಲ ಶುರುವಾಗುವ ಮೊದಲೇ ಜಮಾಅತ್ ಕಮಿಟಿಗಳು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಅಳೆಸಲಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿಸಿ ನೋಡಲಿ. ಬಟನ್ ಒತ್ತಿದರೂ ಸ್ವಿಚ್ ಬೀಳದಿದ್ದರೆ ಅಂದೇ ಬದಲಿಸಬೇಕು. ಮನೆಯಲ್ಲಾದರೆ ಆ ಬಟನ್ ಒತ್ತಿ ನೋಡಲು ಯಾರನ್ನೂ ಕಾಯಬೇಕಿಲ್ಲ. ಈ ಜುಮಾ ಮುಗಿಸಿ ಮನೆಗೆ ಹೋದಾಗ ನೀವೇ ಒಮ್ಮೆ ಒತ್ತಿ ನೋಡಿ.